ಮಾತ್ರೆ ನೀನಾಗೇ ನಿಲ್ಲಿಸಬೇಡ ಪುಟ್ಟಿ

ಪುಟ್ಟಿ, ನೀನು ಗ್ರೂಪಿನಲ್ಲಿ ಹಾಕಿದ್ದನ್ನು ಈಗ ನೋಡಿದೆ. ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನು) 11 ಇತ್ತು, ಥೈರಾಯ್ಡ್ ಮಾತ್ರೆ ಶುರು ಮಾಡಿದ ಮೇಲೆ 3ಕ್ಕೆ ಇಳಿದಿದೆ, ಇನ್ನು ಬಿಡಬಹುದಾ ಅಂತ ಕೇಳಿದ್ದೀಯ. ಬೇಡ ಮಾರಾಯ್ತಿ. ಡಾಕ್ಟರ್ ಹೇಳದೆ ನೀನಾಗೇ ನಿಲ್ಲಿಸಬೇಡ.

ಮೂಡಿಗೆರೆ ಚಿಕ್ಕಮ್ಮನ ಪಾಡು ನಿಮಗೆಲ್ಲ ಗೊತ್ತೇ ಇದೆ. ಆಗ ಜೊತೆಗಿದ್ದವಳು ನಾನು. ಅವಳೂ ಹೀಗೇ, ರಿಪೋರ್ಟ್ ನಾರ್ಮಲ್ ಬಂತು ಅಂತ ಮಾತ್ರೆ ಬಿಟ್ಟು ಕೊತ್ತಂಬರಿ ಬೀಜದ ನೀರು ಹಿಡಿದಳು. ಮೊದಮೊದಲು ಏನೂ ಆಗಲಿಲ್ಲ. ಮಾತ್ರೆಯ ಹಾರ್ಮೋನು ರಕ್ತದಲ್ಲಿ ಅರ್ಧಕ್ಕೆ ಇಳಿಯುವುದಕ್ಕೇ ಸುಮಾರು ಒಂದು ವಾರ ಬೇಕು, ತಕ್ಷಣ ಗೊತ್ತಾಗಲ್ಲ. ಕಾಫಿ ಕುಯ್ಲಿನ ಹೊತ್ತಿಗೆ ನೋಡಬೇಕಿತ್ತು ಅವಳನ್ನು. ಮಟಮಟ ಮಧ್ಯಾಹ್ನ, ಕಣದಲ್ಲಿ ಕಾಲಿಡಲಾಗದ ಬಿಸಿಲು, ಇವಳು ಸ್ವೆಟರ್ ಹಾಕಿ ಮಫ್ಲರ್ ಸುತ್ತಿಕೊಂಡು ಕೂತಿದ್ದಳು. ರೆಪ್ಪೆ ಊದಿತ್ತು, ದನಿ ಗೊಗ್ಗರಾಗಿತ್ತು. ಆಳುಗಳ ಲೆಕ್ಕ ಬರೆಯುತ್ತಾ ಪೆನ್ನು ಹಿಡಿದೇ ತೂಕಡಿಸುತ್ತಿದ್ದಳು. ಆಸ್ಪತ್ರೆಗೆ ಕರೆದುಕೊಂಡು ಹೋದರೆ ಎದೆಬಡಿತ ನಿಧಾನ, ಕೊಲೆಸ್ಟ್ರಾಲ್ ಜಾಸ್ತಿ. ಕತ್ತಿನ ಆ ಸಣ್ಣ ಗ್ರಂಥಿ ಕೈಕೊಟ್ಟರೆ ಹೊಟ್ಟೆ, ಹೃದಯ, ಚರ್ಮ, ಮುಟ್ಟು ಎಲ್ಲದಕ್ಕೂ ಪೆಟ್ಟು. ಥೈರಾಯ್ಡ್ ಹಾರ್ಮೋನು ಸಾಲದಿದ್ದಾಗ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಏರಿಸುತ್ತದೆ. ನಿನ್ನದು ಇಳಿದಿದೆ ಅಂದರೆ ಮಾತ್ರೆ ಕೆಲಸ ಮಾಡುತ್ತಿದೆ ಅಂತ ತಾನೇ? ಅದಕ್ಕೇ ಮತ್ತೆ ಹೇಳುತ್ತೇನೆ, ನೀನಾಗೇ ನಿಲ್ಲಿಸಬೇಡ.

ಆ ಕೊತ್ತಂಬರಿ ನೀರಿನ ಫಾರ್ವರ್ಡ್ ಬಂದಿದ್ದೂ ಇದೇ ಗ್ರೂಪಿಗೆ. ಅವಳನ್ನು ಸೋಮಾರಿ ಅಂದವರೂ ಇಲ್ಲೇ ಇದ್ದೀರಿ, ಹೆಸರು ಹೇಳಲ್ಲ. ದಿನಾ ಹೂವಿನ ಗುಡ್ ಮಾರ್ನಿಂಗ್ ಕಳಿಸುತ್ತೀರಿ, ಹೇಗಿದ್ದೀರಿ ಅಂತ ಒಂದು ಫೋನ್ ಇಲ್ಲ. ಮೆಣಸು ಕುಯ್ದ ಸುದ್ದಿ ಸಿಕ್ಕರೆ ಮಾತ್ರ "ಅತ್ತಿಗೆ, ನಮಗೂ ಎರಡು ಕೆಜಿ ಎತ್ತಿಡಿ." ಹೋದ ವರ್ಷ ಗಂಟು ಕಟ್ಟಿ ಹಾಸನದ ಬಸ್ಸಿಗೆ ಹಾಕಿ ಕಳಿಸಿದೆ. ತಲುಪಿತು ಅಂತಲೂ ಒಬ್ಬರ ಬಾಯಲ್ಲಿ ಬರಲಿಲ್ಲ. ಇರಲಿ ಬಿಡಿ.

ಅಯ್ಯೋ, ಹೇಳಬೇಕಾದ್ದೇ ಬಿಟ್ಟುಹೋಯ್ತು. ಪುಟ್ಟಿ, ನೀನು ಮಾತ್ರೆ ಬಾಯಿಗೆ ಹಾಕಿಕೊಂಡು ಅದರ ಮೇಲೇ ಕಾಫಿ ಕುಡಿಯುವುದನ್ನು ನೋಡಿದ್ದೇನೆ. ಹಾಗೆ ಮಾಡಿದರೆ ಮಾತ್ರೆ ಸರಿಯಾಗಿ ಮೈಗೆ ಹತ್ತಲ್ಲ. ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗು. ಕಾಫಿ, ತಿಂಡಿ ಏನಿದ್ದರೂ ಅರ್ಧದಿಂದ ಒಂದು ಗಂಟೆ ಬಿಟ್ಟು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇದ್ದರೆ 4 ಗಂಟೆ ಅಂತರ ಇರಲಿ. ಡೋಸ್ ಬದಲಾಯಿಸಿದರೆ 6ರಿಂದ 8 ವಾರ ಬಿಟ್ಟು ಮತ್ತೆ ರಕ್ತ ಪರೀಕ್ಷೆ. ಮಗುವಿನ ಯೋಚನೆ ಇದ್ದರೆ ಡಾಕ್ಟರಿಗೆ ಈಗಲೇ ತಿಳಿಸು. ಶುರುವಿನ ತಿಂಗಳುಗಳಲ್ಲಿ ಮಗುವಿನ ಮೆದುಳು ಬೆಳೆಯಲು ತಾಯಿಯ ಹಾರ್ಮೋನೇ ಬೇಕು, ಡೋಸ್ ಹೆಚ್ಚಿಸಬೇಕಾಗಬಹುದು.