ಪ್ರಶ್ನೋತ್ತರ: ಬೇರೆಯವರ ಕಡತದಲ್ಲಿ ಡೀಬಗ್ ಪ್ಯಾಚ್ ಹಾಕುವಾಗ ಯಾರನ್ನು ಕೇಳಬೇಕು?

ಅಡ್ಮಿನ್: ಈ ವಾರದ ಪ್ರಶ್ನೆಗಳಿಗೆ ಉತ್ತರಿಸಲು, ಲಿನಕ್ಸ್ ಕರ್ನಲ್‌ನ ಒಂದು ಡ್ರೈವರ್ ವಿಭಾಗದ ಮೇಂಟೇನರ್ (ಆ ವಿಭಾಗದ ಕೋಡ್ ನೋಡಿಕೊಳ್ಳುವವರು) ಆಗಿ ಬೆಂಗಳೂರಿನಿಂದ ಕೆಲಸ ಮಾಡುತ್ತಿರುವ ನಮ್ಮ ಹಿರಿಯ ಸದಸ್ಯೆಯೊಬ್ಬರು ಒಪ್ಪಿದ್ದಾರೆ. ವಿಷಯ, ಲಿನಕ್ಸ್-ನೆಕ್ಸ್ಟ್ ಟ್ರೀಯಲ್ಲಿ (ಟ್ರೀ ಎಂದರೆ ಕೋಡ್ ಭಂಡಾರ) ಡೀಬಗ್ ಪ್ಯಾಚ್‌ಗಳು, ಅಂದರೆ ದೋಷ ಹುಡುಕಲು ಸೇರಿಸುವ ಕೋಡ್ ಬದಲಾವಣೆಗಳು, ಮತ್ತು ಮೇಂಟೇನರ್‌ಗಳ ಒಪ್ಪಿಗೆ. ಹೊಸಬರ ಗಮನಕ್ಕೆ: ಸ್ಟೀಫನ್ ರಾತ್‌ವೆಲ್ ಅವರು 2008ರಲ್ಲಿ ಆರಂಭಿಸಿದ ಈ ಟ್ರೀಯಲ್ಲಿ ಮುನ್ನೂರಕ್ಕೂ ಹೆಚ್ಚು ಟ್ರೀಗಳನ್ನು ಪ್ರತಿ ಸಲವೂ ಮೊದಲಿನಿಂದ ಕೂಡಿಸಲಾಗುತ್ತದೆ. ಮುಂದಿನ ಬಿಡುಗಡೆಗೆ ಹೋಗಲಿರುವ ಕೆಲಸಗಳು ಒಂದಕ್ಕೊಂದು ತಾಗಿ ಎಲ್ಲಿ ಮುರಿಯುತ್ತವೆ ಎಂಬುದು ಮೊದಲು ತಿಳಿಯುವುದು ಇಲ್ಲಿಯೇ.

ಮಂಗಳೂರಿನ ಸದಸ್ಯರು: ಮೇಡಂ, ನಮಸ್ಕಾರ. ನನ್ನ ಚಿಕ್ಕ ಟ್ರೀ ಎರಡು ವರ್ಷಗಳಿಂದ ನೆಕ್ಸ್ಟ್‌ನಲ್ಲಿ ಸೇರಿದೆ. ಬೇರೆ ವಿಭಾಗದ ಕಡತದಲ್ಲಿ ನಾಲ್ಕು ಸಾಲು ಪ್ರಿಂಟ್‌ಕೆ (ಕರ್ನಲ್ ಲಾಗ್‌ಗೆ ಸಂದೇಶ ಮುದ್ರಿಸುವ ಸಾಲು) ಸೇರಿಸಿ, ಹದಿನೈದು ದಿನ ನನ್ನ ಟ್ರೀಯ ಮೂಲಕವೇ ಓಡಿಸಿ ತೆಗೆದುಬಿಡಬೇಕೆಂದಿದ್ದೇನೆ. ಅದನ್ನು ಮುಖ್ಯ ಕರ್ನಲ್ ನೋಡಿಕೊಳ್ಳುವ ಲಿನಸ್ ಟೊರ್ವಾಲ್ಡ್ಸ್ ಅವರಿಗೆ ಕಳುಹಿಸುವ ಉದ್ದೇಶವೇ ಇಲ್ಲ. ಹಾಗಿದ್ದರೂ ಒಪ್ಪಿಗೆ ಬೇಕೇ?

ಮೇಂಟೇನರ್: ನಮಸ್ಕಾರ. ಬೇಕು. ಲಿನಸ್ ಅವರಿಗೆ ಕಳುಹಿಸುವುದಿಲ್ಲ ಎಂಬುದನ್ನು ತಾವು ರಿಯಾಯಿತಿಗೆ ಕಾರಣವಾಗಿ ಮುಂದಿಟ್ಟಿದ್ದೀರಿ, ಆದರೆ ತೊಡಕು ಇರುವುದೇ ಅಲ್ಲಿ. ತಮ್ಮ ಟ್ರೀಯನ್ನು ಸೇರಿಸಿಕೊಂಡಾಗ ಬಂದ ಪತ್ರವನ್ನು ಇನ್ನೊಮ್ಮೆ ತೆಗೆದು ನೋಡಿ. ಟ್ರೀಯಲ್ಲಿರುವ ಪ್ರತಿ ಪ್ಯಾಚ್ ಸಂಬಂಧಪಟ್ಟ ಮೇಲಿಂಗ್ ಲಿಸ್ಟಿಗೆ ಹೋಗಿರಬೇಕು, ವಿಮರ್ಶೆಗೆ ಒಳಗಾಗಿರಬೇಕು, ಪರೀಕ್ಷೆಯಾಗಿರಬೇಕು, ಈ ಸಲದ ಅಥವಾ ಮುಂದಿನ ಮರ್ಜ್ ವಿಂಡೋಗೆ (ಮುಖ್ಯ ಕರ್ನಲ್‌ಗೆ ಹೊಸ ಕೆಲಸ ಸೇರಿಸಿಕೊಳ್ಳುವ ಅವಧಿಗೆ) ಹೋಗುವಂಥದ್ದಾಗಿರಬೇಕು ಎಂದು ಅದರಲ್ಲಿದೆ. ತಮ್ಮ ಪ್ಯಾಚ್ ಕೊನೆಯ ಷರತ್ತಿನಲ್ಲಿಯೇ ಬಿದ್ದುಹೋಗುತ್ತದೆ. ಅಂದರೆ ತಾವು ಕೇಳುತ್ತಿರುವುದು ವಿನಾಯಿತಿ, ಅದನ್ನು ಕೊಡಬೇಕಾದವರು ಇಬ್ಬರು: ಕಡತದ ಮೇಂಟೇನರ್ ಮತ್ತು ನೆಕ್ಸ್ಟ್ ಅನ್ನು ಕೂಡಿಸುವವರು.

ಮೈಸೂರಿನ ವಿದ್ಯಾರ್ಥಿ: ಮೇಡಂ, ಇನ್ನೊಂದು ಗುಂಪಿನಲ್ಲಿ "ಡೀಬಗ್ ಪ್ಯಾಚ್‌ಗೆ ಏಳು ಸುಲಭ ಸೂತ್ರಗಳು" ಎಂಬ ಫಾರ್ವರ್ಡ್ ಬಂದಿದೆ. ಎರಡು ವಾರ ಉತ್ತರ ಬಾರದಿದ್ದರೆ ಒಪ್ಪಿಗೆಯೆಂದು ತಿಳಿಯಬಹುದು, ಇಫ್‌ಡೆಫ್ (ಆಯ್ಕೆ ಆನ್ ಇದ್ದರೆ ಮಾತ್ರ ಕಂಪೈಲ್ ಆಗುವ ಭಾಗ) ಒಳಗಿಟ್ಟರೆ ಯಾರನ್ನೂ ಕೇಳಬೇಕಾಗಿಲ್ಲ, ಅನುಮಾನವಿದ್ದಲ್ಲಿ ಎಚ್ಚರಿಕೆ ಮುದ್ರಿಸುವ ವಾರ್ನ್_ಆನ್ ಹಾಕಿದರೆ ಸಾಕು ಎಂದು ಅದರಲ್ಲಿದೆ. ಸರಿಯೇ?

ಮೇಂಟೇನರ್: ಮೂರೂ ತಪ್ಪು. ಮೌನಕ್ಕೆ ರಜೆ, ಅನಾರೋಗ್ಯ, ಸ್ಪ್ಯಾಮ್ ಫೋಲ್ಡರ್ ಎಂಬ ಅರ್ಥಗಳೂ ಇವೆ. ಇಫ್‌ಡೆಫ್ ಒಳಗಿಟ್ಟ ಸಾಲುಗಳೂ ಮರ್ಜ್ ಮಾಡುವಾಗ ಕಾನ್‌ಫ್ಲಿಕ್ಟ್ ಕೊಡುತ್ತವೆ, ಏಕೆಂದರೆ ಕೋಡ್ ಕೂಡಿಸುವ ಸಾಧನವಾದ ಗಿಟ್‌ಗೆ ಕಾನ್ಫಿಗ್ (ಕರ್ನಲ್ ಕಟ್ಟುವಾಗಿನ ಆಯ್ಕೆಗಳು) ಎಂದರೇನೆಂದು ಗೊತ್ತಿಲ್ಲ. ಇನ್ನು ವಾರ್ನ್_ಆನ್: ನೆಕ್ಸ್ಟ್ ಅನ್ನು ಹಗಲಿರುಳು ಪರೀಕ್ಷಿಸುವ ಸ್ವಯಂಚಾಲಿತ ಬಾಟ್ ಆದ ಸಿಜ್‌ಬಾಟ್, ಎಚ್ಚರಿಕೆ ಬಂದ ಕೂಡಲೇ ಕರ್ನಲ್ ನಿಲ್ಲುವ ಹಾಗೆ ಪ್ಯಾನಿಕ್_ಆನ್_ವಾರ್ನ್ ಇಟ್ಟುಕೊಂಡಿರುತ್ತದೆ. ತಾವು ಅನುಮಾನಕ್ಕೆಂದು ಹಾಕಿದ ಒಂದು ಸಾಲು ಅದರ ಯಂತ್ರಗಳನ್ನು ಮತ್ತೆ ಮತ್ತೆ ಬೀಳಿಸುತ್ತದೆ, ಅದರಾಚೆ ಇರುವ ನಿಜವಾದ ದೋಷಗಳು ಅಷ್ಟು ದಿನ ಕಾಣುವುದೇ ಇಲ್ಲ. ಆ ಫಾರ್ವರ್ಡ್ ಬರೆದವರು ಒಂದು ಪ್ಯಾಚನ್ನಾದರೂ ಕಳುಹಿಸಿದವರಲ್ಲ ಎಂದು ನನ್ನ ಅನಿಸಿಕೆ. ದಯವಿಟ್ಟು ಅದನ್ನು ಇಲ್ಲಿ ಅಂಟಿಸಬೇಡಿ.

ಮ್ಯೂನಿಕ್‌ನಲ್ಲಿರುವ ಸದಸ್ಯರು: ಮೇಡಂ, ನನ್ನದು ಸ್ವಲ್ಪ ಉದ್ದದ ಕಥೆ, ಕ್ಷಮಿಸಿ. ಒಂದು ಫೈಲ್‌ಸಿಸ್ಟಮ್‌ನಲ್ಲಿ ಟಾಸ್ಕ್ 143 ಸೆಕೆಂಡಿಗಿಂತ ಹೆಚ್ಚು ಕಾಲ ತಡೆದು ನಿಂತಿದೆ ಎಂಬ ವರದಿಯನ್ನು ಸಿಜ್‌ಬಾಟ್ ಮೂರು ತಿಂಗಳಲ್ಲಿ ಐದು ಸಲ ಕಳುಹಿಸಿದೆ, ಐದೂ ನೆಕ್ಸ್ಟ್‌ನಲ್ಲಿ ಮಾತ್ರ. ಆ ಟಾಸ್ಕ್ ಒಂದು ಫೋಲಿಯೋ ಲಾಕ್‌ಗಾಗಿ (ಮೆಮೊರಿ ಪುಟಗಳ ಗುಂಪಿನ ಮೇಲಿನ ಬೀಗಕ್ಕಾಗಿ) ಕಾಯುತ್ತಿದೆ, ಲಾಕ್ ಹಿಡಿದವರು ಯಾರೆಂದು ವರದಿಯಲ್ಲಿಲ್ಲ. ಪ್ಯಾಚನ್ನು ಪರೀಕ್ಷಿಸು ಎಂದು ಸಿಜ್‌ಬಾಟ್‌ಗೆ ಬರೆದರೆ, ಈ ದೋಷಕ್ಕೆ ರಿಪ್ರೊಡ್ಯೂಸರ್ (ದೋಷವನ್ನು ಮತ್ತೆ ಬರಿಸುವ ಪ್ರೋಗ್ರಾಂ) ಇಲ್ಲ, ಪರೀಕ್ಷಿಸಲಾರೆ ಎಂಬ ಉತ್ತರ ಬರುತ್ತದೆ. ನನ್ನ ನಾಲ್ಕು ವರ್ಚುವಲ್ ಯಂತ್ರಗಳಲ್ಲಿ ಹನ್ನೊಂದು ದಿನ ಓಡಿಸಿದರೂ ಒಮ್ಮೆಯೂ ಸಿಗಲಿಲ್ಲ. ಆದ್ದರಿಂದ ಲಾಕ್ ಹಿಡಿದ ಟಾಸ್ಕನ್ನು ಬರೆದಿಟ್ಟುಕೊಳ್ಳುವ ಪ್ಯಾಚ್ ಸಿದ್ಧಪಡಿಸಿ, ಪ್ರತಿ ಮೆಮೊರಿ ಪುಟದ ವಿವರ ಇಡುವ ಸ್ಟ್ರಕ್ಟ್ ಪೇಜ್‌ಗೆ ಒಂದು ಪಾಯಿಂಟರ್ ಸೇರಿಸಿ, ಪೇಜ್‌ಮ್ಯಾಪ್ ಹೆಡರ್‌ನಲ್ಲಿ ಆರು ಸಾಲು ಬದಲಿಸಿದ್ದೇನೆ. ಮೇಂಟೇನರ್‌ಗೆ ಎರಡು ಸಲ ಬರೆದರೂ ಉತ್ತರವಿಲ್ಲ. ಏನು ಮಾಡಲಿ?

ಮೇಂಟೇನರ್: ಇಂಥ ಪ್ರಶ್ನೆಗಾಗಿಯೇ ನಾನು ಈ ವಾರ ಒಪ್ಪಿಕೊಂಡದ್ದು. ನೆಕ್ಸ್ಟ್‌ನಲ್ಲಿ ಡೀಬಗ್ ಪ್ಯಾಚ್ ಓಡಿಸಲು ನಿಜವಾದ ಕಾರಣ ಇರುವುದು ತಮ್ಮಂಥವರಿಗೆ ಮಾತ್ರ. ರಿಪ್ರೊಡ್ಯೂಸರ್ ಇದ್ದಿದ್ದರೆ ಸಿಜ್‌ಬಾಟ್‌ಗೆ ಪ್ಯಾಚನ್ನು ಮೇಲ್‌ನಲ್ಲಿ ಕಳುಹಿಸಿ ಪರೀಕ್ಷಿಸಿಕೊಳ್ಳಬಹುದಿತ್ತು, ಯಾರ ಟ್ರೀಯನ್ನೂ ಮುಟ್ಟುವ ಅಗತ್ಯ ಇರುತ್ತಿರಲಿಲ್ಲ. ಮ್ಯೂಟೆಕ್ಸ್ ಎಂಬ ಬಗೆಯ ಲಾಕ್ ಆಗಿದ್ದರೆ ಅದರೊಳಗೇ ಹಿಡಿದವರ ಗುರುತು ಇರುತ್ತದೆ. ಫೋಲಿಯೋ ಲಾಕ್ ಎಂಬುದು ಫ್ಲ್ಯಾಗ್‌ಗಳ ನಡುವಿನ ಒಂದು ಬಿಟ್ ಅಷ್ಟೇ, ಅದಕ್ಕೆ ಒಡೆಯನ ಹೆಸರಿಲ್ಲ, ಲಾಕ್‌ಗಳ ತಪ್ಪು ಬಳಕೆ ಹಿಡಿಯುವ ಲಾಕ್‌ಡೆಪ್ ಕೂಡ ಅದನ್ನು ಗಮನಿಸುವುದಿಲ್ಲ. ಬೇರೆ ದಾರಿ ಸಿಗದೆ ತಾವು ಇಲ್ಲಿಗೆ ಬಂದಿರುವುದು ನನಗೆ ಅರ್ಥವಾಗುತ್ತದೆ.

ಆದರೆ ಈ ಪ್ಯಾಚ್‌ಗೆ ನಾನೂ ಒಪ್ಪಿಗೆ ಕೊಡುತ್ತಿರಲಿಲ್ಲ. 64 ಬಿಟ್ ಯಂತ್ರದಲ್ಲಿ ಸ್ಟ್ರಕ್ಟ್ ಪೇಜ್ ಸಾಮಾನ್ಯವಾಗಿ 64 ಬೈಟ್, 4096 ಬೈಟ್‌ನ ಪ್ರತಿ ಪುಟಕ್ಕೂ ಅಂಥದ್ದೊಂದು. ಅಲ್ಲಿ ಎಂಟು ಬೈಟ್ ಸೇರಿಸಿದರೆ ನೆಕ್ಸ್ಟ್ ಅನ್ನು ಓಡಿಸುವ ಪ್ರತಿಯೊಬ್ಬರ ಮೆಮೊರಿಗೂ ಹೊರೆ, ಜೊತೆಗೆ ಕ್ಯಾಶ್ ಲೈನಿನ ಅಳತೆಗೆ ಕೂಡಿಸಿಟ್ಟ ಲೆಕ್ಕವೂ ಕೆಡುತ್ತದೆ. ಒಡೆಯನ ಗುರುತನ್ನು, ಪುಟ ಪಡೆದವರನ್ನು ದಾಖಲಿಸುವ ಪೇಜ್_ಓನರ್ ಇಡುವ ಹಾಗೆ, ಪುಟಗಳ ಹೆಚ್ಚುವರಿ ವಿವರಕ್ಕಿರುವ ಪೇಜ್_ಎಕ್ಸ್‌ಟ್‌ನಲ್ಲಿ ಹೊರಗೆ ಇಡಿ. ಹೆಡರ್ ಮುಟ್ಟದೆ ಸಾಧ್ಯವೇ ಎಂದು ಇನ್ನೊಮ್ಮೆ ನೋಡಿ, ಏಕೆಂದರೆ ಪೇಜ್‌ಮ್ಯಾಪ್ ಹೆಡರನ್ನು ಎಲ್ಲ ಫೈಲ್‌ಸಿಸ್ಟಮ್‌ಗಳೂ ಎಳೆದುಕೊಳ್ಳುತ್ತವೆ. ಏನನ್ನೂ ಲಾಕ್ ಹಿಡಿಯುವ ದಾರಿಯಲ್ಲಿ ಮುದ್ರಿಸಬೇಡಿ, ಹಂಗ್ ಟಾಸ್ಕ್ (ತಡೆದು ನಿಂತ ಟಾಸ್ಕ್) ಪತ್ತೆಯಾದ ಮೇಲೆ ಮಾತ್ರ ಮುದ್ರಿಸಿ. ಕನ್ಸೋಲಿಗೆ ಬರೆಯುವ ಹೊತ್ತಿನಲ್ಲಿ ಸಮಯದ ಹೊಂದಾಣಿಕೆ ಬದಲಾಗಿ, ಹುಡುಕುತ್ತಿದ್ದ ದೋಷವೇ ಮಾಯವಾದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಒಪ್ಪಿಗೆ ಏಕೆ ಬೇಕು ಎಂಬುದನ್ನು ನನಗೆ ಕಲಿಸಿದ್ದು ಯಾವ ನಿಯಮವೂ ಅಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಡ್ರೈವರ್‌ನಲ್ಲಿ ಯಾರೋ ಕೇಳದೆ ಹನ್ನೆರಡು ಸಾಲು ಡೀಬಗ್ ಸೇರಿಸಿ ತಮ್ಮ ಟ್ರೀಯ ಮೂಲಕ ನೆಕ್ಸ್ಟ್‌ಗೆ ಬಿಟ್ಟಿದ್ದರು. ಮರುದಿನದಿಂದ ನನಗೆ ಕ್ರ್ಯಾಶ್ ವರದಿಗಳು ಬರತೊಡಗಿದವು, ಏಕೆಂದರೆ ಬಾಟ್‌ಗಳು ಕಡತದ ಹೆಸರು ನೋಡಿ, ಮೇಂಟೇನರ್ಸ್ ಪಟ್ಟಿಯಲ್ಲಿರುವವರಿಗೇ ಬರೆಯುತ್ತವೆ. ವರದಿಯಲ್ಲಿ ಹೇಳಿದ ಸಾಲಿನಲ್ಲಿ ನನ್ನ ಪ್ರತಿಯಲ್ಲಿ ಒಂದು ಮುಚ್ಚುವ ಆವರಣ ಬಿಟ್ಟರೆ ಬೇರೇನೂ ಇರಲಿಲ್ಲ. ಅದನ್ನೇ ನೋಡುತ್ತಾ ಎರಡು ದಿನ ಕಳೆದೆ. ಮೂರನೆಯ ದಿನ ಆ ತಾರೀಖಿನ ನೆಕ್ಸ್ಟ್ ಟ್ಯಾಗನ್ನೇ ತೆಗೆದು ನೋಡಿದಾಗ, ಕೆಳಗಿನದೆಲ್ಲವೂ ಹನ್ನೆರಡು ಸಾಲು ಜರುಗಿರುವುದು ಕಂಡಿತು. ಮೊದಲೇ ಒಂದು ಮೇಲ್ ಬಂದಿದ್ದರೆ ಆ ಎರಡು ದಿನ ಉಳಿಯುತ್ತಿದ್ದವು. ಆ ಪ್ಯಾಚ್‌ಗೆ ನಾನು ಖಂಡಿತ ಒಪ್ಪುತ್ತಿದ್ದೆ.

ಮೂರನೆಯ ಮೇಲ್ ಬರೆಯಿರಿ, ಆದರೆ ನೆನಪಿಸುವ ಮೇಲ್ ಬೇಡ. ಕಡತಕ್ಕೆ ಸಂಬಂಧಪಟ್ಟವರನ್ನು ತಿಳಿಸುವ ಗೆಟ್_ಮೇಂಟೇನರ್ ಸ್ಕ್ರಿಪ್ಟ್ ಕೊಡುವ ಎಲ್ಲರನ್ನೂ, ಮೇಲಿಂಗ್ ಲಿಸ್ಟನ್ನೂ, ನೆಕ್ಸ್ಟ್ ಕೂಡಿಸುವವರನ್ನೂ ಸೇರಿಸಿ. ವಿಷಯದ ಸಾಲಿನಲ್ಲಿಯೇ ಇದು ನೆಕ್ಸ್ಟ್‌ಗೆ ಮಾತ್ರ, ಮೇನ್‌ಲೈನ್‌ಗೆ (ಲಿನಸ್ ಅವರ ಮುಖ್ಯ ಕರ್ನಲ್‌ಗೆ) ಅಲ್ಲ ಎಂದಿರಲಿ. ಯಾವ ದಿನ ಹಾಕುತ್ತೀರಿ, ಯಾವ ಆರ್‌ಸಿಯ (ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿಯ) ಒಳಗೆ ತೆಗೆಯುತ್ತೀರಿ, ಇದರಿಂದ ಬರುವ ವರದಿಗಳಿಗೆ ಉತ್ತರಿಸುವವರು ಯಾರು ಎಂದು ಬರೆಯಿರಿ, ಐದು ವರದಿಗಳ ಕೊಂಡಿಗಳನ್ನೂ ಕೊಡಿ. ಕಾನ್ಫಿಗ್ ಆಯ್ಕೆಯನ್ನು ಆಫ್ ಆಗಿಯೇ ಇಡಿ, ಸಿಜ್‌ಬಾಟ್ ನಡೆಸುವವರನ್ನು ಕೇಳಿ ಅವರ ಕಾನ್ಫಿಗ್‌ನಲ್ಲಿ ಮಾತ್ರ ಆನ್ ಮಾಡಿಸಿ. ಹಿಂದೆ ಸಿಜ್‌ಬಾಟ್‌ಗೆಂದೇ ಇಂಥ ಡೀಬಗ್ ನೆರವಿನ ಆಯ್ಕೆಯೊಂದು ಮೆಮೊರಿ ವಿಭಾಗದ ಮೇಂಟೇನರ್ ಆಂಡ್ರ್ಯೂ ಮಾರ್ಟನ್ ಅವರ ಪ್ಯಾಚ್ ಸಾಲಿನ ಮೂಲಕ ನೆಕ್ಸ್ಟ್‌ನಲ್ಲಿ ಇದ್ದದ್ದುಂಟು. ತಾವು ಬದಲಿಸುವ ಕಡತವೂ ಮೆಮೊರಿ ವಿಭಾಗದ್ದೇ ಆದ್ದರಿಂದ, ಬೇರೆ ಟ್ರೀಗಿಂತ ಅವರ ದಾರಿಯೇ ಸರಿಯಾದದ್ದು. ಪ್ಯಾಚ್ ಉಪಯುಕ್ತವೆಂದು ತೋರಿದರೆ ಅದನ್ನು ಶಾಶ್ವತವಾಗಿಸುವ ಬಗ್ಗೆಯೂ ಯೋಚಿಸಿ: ನೆಟ್‌ವರ್ಕ್ ಸಾಧನಗಳ ರೆಫರೆನ್ಸ್ ಎಲ್ಲಿ ಸೋರುತ್ತಿದೆ ಎಂದು ತಿಳಿಯದೆ ಜನ ವರ್ಷಗಟ್ಟಲೆ ಒದ್ದಾಡಿದ ಮೇಲೆ, ಅದನ್ನು ಪತ್ತೆಹಚ್ಚುವ ರೆಫ್ ಟ್ರ್ಯಾಕರ್ ಕರ್ನಲ್ 5.17ರಲ್ಲಿ ಮೇನ್‌ಲೈನ್‌ಗೇ ಬಂತು.

ಕಲಬುರಗಿಯ ಸದಸ್ಯರು: ಇಷ್ಟೆಲ್ಲ ಏಕೆ? ಕರ್ನಲ್ ಜಿಪಿಎಲ್ ಎಂಬ ಮುಕ್ತ ಲೈಸೆನ್ಸ್ ಅಡಿಯಲ್ಲಿದೆ. ಬದಲಾಯಿಸುವ ಹಕ್ಕು ಎಲ್ಲರಿಗೂ ಇದೆ. ಮೇಂಟೇನರ್‌ಗಳು ಕಡತಗಳ ಜಹಗೀರುದಾರರಲ್ಲ.

ಮಂಗಳೂರಿನ ಸದಸ್ಯರು: ನಿಮ್ಮ ಪ್ರತಿಯನ್ನು ಬದಲಿಸಲು ಲೈಸೆನ್ಸ್ ಹಕ್ಕು ಕೊಡುತ್ತದೆ, ನಿಜ. ಹಂಚಿಕೊಂಡ ಟ್ರೀಯೊಳಗೆ ಅದನ್ನು ಇಡುವ ಹಕ್ಕು ಅದರಲ್ಲಿ ಎಲ್ಲಿದೆ?

ಕಲಬುರಗಿಯ ಸದಸ್ಯರು: ನೆಕ್ಸ್ಟ್ ಇರುವುದೇ ಮುರಿಯುವುದಕ್ಕೆ. ಅದನ್ನು ಯಾರೂ ಸರ್ವರ್‌ನಲ್ಲಿ ಹಾಕುವುದಿಲ್ಲ. ಪ್ರಿಂಟ್‌ಕೆಗೆ ಇಷ್ಟು ಮಡಿವಂತಿಕೆ ನನಗೆ ಅರ್ಥವಾಗುತ್ತಿಲ್ಲ.

ಮ್ಯೂನಿಕ್‌ನಲ್ಲಿರುವ ಸದಸ್ಯರು: ಮುರಿಯುವುದಕ್ಕಲ್ಲ, ಎಲ್ಲಿ ಮುರಿದಿದೆ ಎಂದು ತಿಳಿಯುವುದಕ್ಕೆ. ಎರಡರ ನಡುವೆ ವ್ಯತ್ಯಾಸವಿದೆ.

ಕಲಬುರಗಿಯ ಸದಸ್ಯರು: ಎರಡು ಸಲ ಬರೆದರೂ ಉತ್ತರ ಸಿಗದೆ ಕೂತವರೇ ಈ ಪದ್ಧತಿಯನ್ನು ಸಮರ್ಥಿಸುತ್ತಿರುವುದು ತಮಾಷೆಯಾಗಿದೆ.

ಮಂಗಳೂರಿನ ಸದಸ್ಯರು: ಒಪ್ಪಿಗೆಯಿಲ್ಲದೆ ಪ್ಯಾಚ್ ಕಳುಹಿಸಿ ಪ್ರಯೋಗ ಮಾಡಿದ ಅಮೆರಿಕದ ವಿಶ್ವವಿದ್ಯಾಲಯವೊಂದರ ಸಂಶೋಧಕರಿಗೆ 2021ರಲ್ಲಿ ಏನಾಯಿತೆಂದು, ಅವರ ವಿಶ್ವವಿದ್ಯಾಲಯದ ಪ್ಯಾಚ್‌ಗಳನ್ನೇ ತಡೆದರೆಂದು, ತಮಗೆ ತಿಳಿದಿರಬೇಕು.

ಕಲಬುರಗಿಯ ಸದಸ್ಯರು: ಅವರು ಬೇಕೆಂದೇ ದೋಷವಿರುವ ಪ್ಯಾಚ್ ಕಳುಹಿಸಿದ್ದರು. ನಾಲ್ಕು ಸಾಲು ಪ್ರಿಂಟ್‌ಕೆಗೂ ಅದಕ್ಕೂ ಹೋಲಿಕೆ ಮಾಡುವುದು ಅತಿರೇಕ. ಸ್ವಲ್ಪ ಓದಿಕೊಂಡು ಬರೆಯಿರಿ.

ಮೇಂಟೇನರ್: ಹೋಲಿಕೆ ಸರಿಯಲ್ಲ ಎಂಬುದನ್ನು ಒಪ್ಪುತ್ತೇನೆ. ಜಹಗೀರಿನ ಮಾತನ್ನು ಒಪ್ಪುವುದಿಲ್ಲ. ಜಹಗೀರುದಾರನಿಗೆ ಕಂದಾಯ ಬರುತ್ತದೆ, ಮೇಂಟೇನರ್‌ಗೆ ವರದಿಗಳು ಬರುತ್ತವೆ. ತಮ್ಮ ಸಾಲಿನಿಂದ ಬರುವ ವರದಿಗಳನ್ನೆಲ್ಲ ತಮ್ಮ ವಿಳಾಸಕ್ಕೇ ತಿರುಗಿಸಿಕೊಳ್ಳುವ ಉಪಾಯ ತಮ್ಮಲ್ಲಿದ್ದರೆ ತಿಳಿಸಿ, ಆಗ ಒಪ್ಪಿಗೆಯ ಮಾತನ್ನು ನಾನೇ ಕೈಬಿಡುತ್ತೇನೆ.

ತುಮಕೂರಿನ ಸದಸ್ಯರು: ಮೇಡಂ, ಕನ್ಸೋಲಿನ ಬದಲು ಟ್ರೇಸ್ ಬಫರಿಗೆ ಬರೆಯುವ ಟ್ರೇಸ್_ಪ್ರಿಂಟ್‌ಕೆ ಬಳಸಿದರೆ ಕನ್ಸೋಲ್ ತುಂಬುವುದಿಲ್ಲವಲ್ಲ, ಅದನ್ನು ಕೇಳದೆ ಹಾಕಬಹುದೇ?

ಮೇಂಟೇನರ್: ಬೇಡ. ಅದು ಒಂದೇ ಕಡೆ ಇದ್ದರೂ, ಇದು ಡೀಬಗ್ ಕರ್ನಲ್, ಬಳಕೆಗೆ ಸುರಕ್ಷಿತವಲ್ಲ ಎಂದು ಚೌಕಟ್ಟು ಹಾಕಿದ ದೊಡ್ಡ ಸೂಚನೆ ಬೂಟ್ ಆಗುವಾಗಲೇ ಬರುತ್ತದೆ. ಮೊದಲ ದೂರು ಆ ಸೂಚನೆಯ ಬಗ್ಗೆಯೇ ಇರುತ್ತದೆ.

ಹುಬ್ಬಳ್ಳಿಯ ಸದಸ್ಯರು: ಮೇಂಟೇನರ್ ಅವರನ್ನು ಸಿಸಿಯಲ್ಲಿ ಸೇರಿಸಿದ್ದೇನೆ. ಹಾಗಾದರೆ ಕಮಿಟ್‌ನಲ್ಲಿ ಅವರ ಆಕ್ಡ್-ಬೈ (ಒಪ್ಪಿಗೆ ಸೂಚಿಸುವ ಸಾಲು) ಬರೆಯಬಹುದಲ್ಲವೇ?

ಮೇಂಟೇನರ್: ಬರೆಯಬಾರದು. ಸಿಸಿ ಸಾಲನ್ನು ಹೇಳದೆ ಸೇರಿಸಬಹುದು. ಆಕ್ಡ್-ಬೈ ಅನ್ನು ಅವರೇ ಕೊಡಬೇಕು.

ಬೆಂಗಳೂರಿನ ಸದಸ್ಯರು: ತಿಂಗಳ ಕೊನೆಗೆ ನಮ್ಮ ತಂಡದಿಂದ ಇಷ್ಟು ಕಮಿಟ್ ತೋರಿಸಬೇಕೆಂದು ಮ್ಯಾನೇಜರ್ ಹೇಳಿದ್ದಾರೆ. ನೆಕ್ಸ್ಟ್‌ನಲ್ಲಿ ಡೀಬಗ್ ಪ್ಯಾಚ್ ಸೇರಿದರೆ ಅದೂ ಲೆಕ್ಕಕ್ಕೆ ಬರುತ್ತದೆಯೇ?

ಮೇಂಟೇನರ್: ಅದನ್ನು ನಿಮ್ಮ ಮ್ಯಾನೇಜರ್ ಅವರನ್ನೇ ಕೇಳಿ.

ಶಿವಮೊಗ್ಗದ ಸದಸ್ಯರು: ಮೇಡಂ, ಸ್ಟೇಬಲ್ ಟ್ರೀಗೆ (ಬಿಡುಗಡೆಯಾದ ಕರ್ನಲ್‌ಗಳ ತಿದ್ದುಪಡಿಗಳ ಟ್ರೀಗೆ) ಡೀಬಗ್ ಪ್ಯಾಚ್ ಕೇಳುವಾಗ ಕ್ರಮ ಬೇರೆಯೇ?

ಕಲಬುರಗಿಯ ಸದಸ್ಯರು: ಮೇಲಿನ ಫಾರ್ವರ್ಡ್‌ನ ಉಳಿದ ನಾಲ್ಕು ಸೂತ್ರಗಳನ್ನೂ ಯಾರಾದರೂ ಇಲ್ಲಿ ಹಾಕಿದರೆ ಒಳ್ಳೆಯದಿತ್ತು. ಎಲ್ಲವೂ ತಪ್ಪಿರಲಾರವು.

ಮೇಂಟೇನರ್: ಹಾಕಬೇಡಿ ಎಂದು ಒಮ್ಮೆ ಹೇಳಿದ್ದೇನೆ. ಇಂಥ ಸೂತ್ರ ನಂಬಿ ಕೆಲಸ ಮಾಡಿದವರ ಟ್ರೀಯಿಂದ ನೆಕ್ಸ್ಟ್ ಕಟ್ಟುವುದು ಮುರಿದರೆ, ಆ ದಿನ ಅವರ ಟ್ರೀಯ ಹಿಂದಿನ ಪ್ರತಿಯನ್ನೇ ಇಟ್ಟುಕೊಂಡು ಮುಂದೆ ಹೋಗುತ್ತಾರೆ. ಆಗ ಡೀಬಗ್ ಪ್ಯಾಚ್ ಜೊತೆಗೆ ಅವರ ಒಳ್ಳೆಯ ಕೆಲಸವೂ ಪರೀಕ್ಷೆಯಿಂದ ಹೊರಗೆ ಉಳಿಯುತ್ತದೆ.

ರಾಯಚೂರಿನ ಸದಸ್ಯರು: ನಮಸ್ಕಾರ ಮೇಡಂ, ಈಗಷ್ಟೇ ಗುಂಪಿಗೆ ಸೇರಿದೆ. ಹದಿನೈದು ದಿನ ಉತ್ತರ ಬಾರದಿದ್ದರೆ ಒಪ್ಪಿಗೆಯೆಂದು ತಿಳಿಯಬಹುದೇ?

ಮೇಂಟೇನರ್: ಮೇಲೆ ಓದಿ.

ಶಿವಮೊಗ್ಗದ ಸದಸ್ಯರು: ಸ್ಟೇಬಲ್ ಟ್ರೀಯ ಬಗ್ಗೆ ನಾನು ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ.