ಲ್ಯಾಬ್ರಡಾರ್ ನಾಯಿ ಕ್ರಾಸ್ ಮಾಡಿಸುವ ಮುಂಚೆ ಹಿಪ್ (ಸೊಂಟದ ಕೀಲು) ಎಕ್ಸ್‌ರೇ ಬೇಕೇ?

ತೋಟದಮನೆ, ಸೋಮವಾರಪೇಟೆ
ಹೆಣ್ಣು ಲ್ಯಾಬ್, 20 ತಿಂಗಳು, 29 ಕೆ.ಜಿ. ಮೊನ್ನೆ ಹೀಟ್‌ಗೆ ಬಂದಿದೆ. ಗೋಣಿಕೊಪ್ಪದಲ್ಲಿ ಒಂದು ಗಂಡು ನೋಡಿದ್ದೇವೆ. ಎರಡೂ ತೋಟದಲ್ಲೆಲ್ಲ ಚೆನ್ನಾಗಿ ಓಡುತ್ತವೆ. ಆದರೆ ನಮ್ಮದರ ಜೊತೆ ಹುಟ್ಟಿದ ಒಂದು, ಓಡುವಾಗ ಹಿಂಗಾಲು ಎರಡನ್ನೂ ಜೋಡಿಸಿ ಮೊಲದ ಹಾಗೆ ಹಾರುತ್ತದೆ. ಈ ಸಲವೇ ಕ್ರಾಸ್ ಮಾಡಿಸಬಹುದೇ?

ಕಾಫಿಕಣ
ಈ ಸಲ ಬಿಟ್ಟುಬಿಡಿ. ಆ ಮೊಲದ ಹಾರಾಟ ಹಿಪ್ ಡಿಸ್ಪ್ಲೇಸಿಯಾದ (ಸೊಂಟದ ಕೀಲು ಸರಿಯಾಗಿ ಕೂರದೆ ಸಡಿಲವಾಗುವ, ವಂಶದಲ್ಲಿ ಬರುವ ತೊಂದರೆ) ಲಕ್ಷಣ ಇರಬಹುದು. ಎಕ್ಸ್‌ರೇಯೂ ಈಗ ಬೇಡ. ಹೀಟ್‌ನಲ್ಲಿ ಹಾರ್ಮೋನಿನಿಂದ ಕೀಲು ಇರುವುದಕ್ಕಿಂತ ಸಡಿಲ ಕಾಣಬಹುದು, ಮುಗಿದು ಒಂದು ತಿಂಗಳಾದರೂ ಕಳೆಯಲಿ. ಎಕ್ಸ್‌ರೇ ನೋಡಿ ನಾಯಿಯ ಸೊಂಟಕ್ಕೆ ದರ್ಜೆ ಕೊಡುವ ಅಮೆರಿಕದ ಸಂಸ್ಥೆ ಓ.ಎಫ್.ಎ.ಯ ಪದ್ಧತಿಯಲ್ಲಿ ಅಂತಿಮ ದರ್ಜೆ ಕೊಡುವುದೇ 24 ತಿಂಗಳು ತುಂಬಿದ ಮೇಲೆ. ಒಟ್ಟು 7 ದರ್ಜೆ, ಅದರಲ್ಲಿ ಎಕ್ಸಲೆಂಟ್, ಗುಡ್, ಫೇರ್ ಮೂರೇ ಪಾಸ್. ಕೀಲು ಎಷ್ಟು ಸಡಿಲ ಅಂತ ಅಳೆಯುವ ಪೆನ್‌ಹಿಪ್ ಅನ್ನುವ ಇನ್ನೊಂದು ಎಕ್ಸ್‌ರೇ ಪರೀಕ್ಷೆ 16 ವಾರಕ್ಕೇ ಮಾಡಬಹುದು, ಆದರೆ ಅದಕ್ಕೆಂದೇ ತರಬೇತಿ ಆದ ಡಾಕ್ಟರು ಬೇಕು. ಅದರಲ್ಲಿ ಅಂಕಿ 0.30 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕೀಲು ಬಿಗಿ.

ಚೆನ್ನಾಗಿ ಓಡುತ್ತದೆ ಅನ್ನುವುದನ್ನು ನಂಬಬೇಡಿ. ತೊಡೆ ಗಟ್ಟಿ ಇದ್ದರೆ ಕೀಲಿನ ಬಟ್ಟಲು (ತೊಡೆಮೂಳೆಯ ಚೆಂಡು ಕೂರುವ ಗುಳಿ) ಆಳವಿಲ್ಲದ ನಾಯಿಯೂ ವರ್ಷಗಟ್ಟಲೆ ಕುಂಟದೆ ಓಡಾಡುತ್ತದೆ, ಮರಿಗಳಿಗೆ ಮಾತ್ರ ಅದೇ ಸೊಂಟ ದಾಟುತ್ತದೆ.

ನೆರಳುಮರ, ವಿರಾಜಪೇಟೆ
ಎಕ್ಸ್‌ರೇ ಓರೆಯಾಗಿ ತೆಗೆದರೆ ದುಡ್ಡು ದಂಡ. ಡಾಕ್ಟರು ಹೇಳಿದಷ್ಟು ಹೊತ್ತು ಖಾಲಿ ಹೊಟ್ಟೆ, ಆಮೇಲೆ ಮಂಪರಿನ ಇಂಜೆಕ್ಷನ್. ನಾಲ್ಕು ಜನ ಹಿಡಿದುಕೊಂಡು ತೆಗೆಯುವುದಲ್ಲ. ಅಂಗಾತ ಮಲಗಿಸಿ, ಹಿಂಗಾಲು ನೇರ ಚಾಚಿ, ಎರಡನ್ನೂ ಸಮಾನಾಂತರ ಇಟ್ಟು ಮಂಡಿ ಒಳಕ್ಕೆ ತಿರುಗಿಸಬೇಕು. ಚಿತ್ರ ಬಂದ ಕೂಡಲೇ ಸೊಂಟದ ಮೂಳೆಯಲ್ಲಿರುವ ಎರಡು ದೊಡ್ಡ ತೂತು ನೋಡಿ. ಒಂದು ಸಣ್ಣದು, ಒಂದು ದೊಡ್ಡದು ಕಂಡರೆ ನಾಯಿ ವಾಲಿದೆ ಅಂತ ಅರ್ಥ: ಒಂದು ಬದಿಯ ಕೀಲು ಸುಳ್ಳೇ ಆಳ ಕಾಣುತ್ತದೆ, ಇನ್ನೊಂದು ಸುಳ್ಳೇ ಕೆಟ್ಟಂತೆ. ಅಲ್ಲೇ ನಿಂತು ಮತ್ತೆ ತೆಗೆಸಿ. ಮಂಡಿಚಿಪ್ಪು ತೊಡೆಮೂಳೆಯ ನಟ್ಟನಡುವೆ ಕೂತಿರಬೇಕು. ಚೆಂಡಿನ ಅರ್ಧಕ್ಕಿಂತ ಹೆಚ್ಚು ಬಟ್ಟಲೊಳಗಿದ್ದು, ಚೆಂಡು ಬಟ್ಟಲಲ್ಲಿ ಎಷ್ಟು ಚೆನ್ನಾಗಿ ಕೂತಿದೆ ಅಂತ ಎಕ್ಸ್‌ರೇಯಲ್ಲಿ ಅಳೆಯುವ ನಾರ್ಬರ್ಗ್ ಕೋನ 105 ಡಿಗ್ರಿ ಅಥವಾ ಮೇಲೆ ಇದ್ದರೆ ಒಳ್ಳೆಯ ಲಕ್ಷಣ. ಮೈಕ್ರೋಚಿಪ್ ನಂಬರ್, ದಿನಾಂಕ ಚಿತ್ರದಲ್ಲೇ ಮೂಡಿರಲಿ. ಗಂಡಿನದೂ ಹೀಗೇ ಕೇಳಿ, ಬಾಯಿಮಾತು ಬೇಡ.

ತೋಟದಮನೆ
ನಮ್ಮದಕ್ಕೆ ಗುಡ್ ಬಂದರೆ ಸಾಕಲ್ಲ?

ಕಾಫಿಕಣ
ಸಾಲದು. ಈ ಸೊಂಟದ ತೊಂದರೆ ಒಂದೇ ಜೀನಿನ ಆಟವಲ್ಲ, ಹಲವು ಜೀನು ಸೇರಿ ಆಗುವುದು. ಗುಡ್ ಬಂದ ನಾಯಿಯೊಳಗೂ ಕೆಟ್ಟ ಪಾಲು ಅಡಗಿರುತ್ತದೆ, ಅದು ಗೊತ್ತಾಗುವುದು ಅಪ್ಪ, ಅಮ್ಮ, ಒಡಹುಟ್ಟಿದವನ್ನು ನೋಡಿದಾಗ. ಐದು ಒಡಹುಟ್ಟಿದವು ಚೆನ್ನಾಗಿರುವ ಫೇರ್ ನಾಯಿ, ಒಡಹುಟ್ಟಿದವುಗಳಲ್ಲಿ ಎರಡು ಕುಂಟುವ ಎಕ್ಸಲೆಂಟ್ ನಾಯಿಗಿಂತ ನನಗೆ ಮೇಲು.

ನೆರಳುಮರ, ವಿರಾಜಪೇಟೆ
ಮುಂದೆ ಮರಿ ಹಾಕಿದರೆ ಇನ್ನೊಂದು: ಕಾವಿ ನೆಲ ಮಳೆಗಾಲದಲ್ಲಿ ಜಾರುತ್ತದೆ, ಗೋಣಿಚೀಲ ಹಾಸಿ. ಮರಿಗಳಿಗೆ 3 ತಿಂಗಳಾಗುವವರೆಗೆ ಮೆಟ್ಟಿಲು ಹತ್ತಿಸಬೇಡಿ. ದೊಡ್ಡ ತಳಿಯ ಮರಿಗಳ ಫುಡ್ ಕೊಡುವವರು ಮೇಲಿಂದ ಕ್ಯಾಲ್ಸಿಯಂ ಸಿರಪ್ ಹಾಕಬೇಡಿ. ಡುಮ್ಮ ಮರಿ ನೋಡಲು ಚಂದ, ಕೀಲಿಗೆ ಶತ್ರು. ಲ್ಯಾಬ್‌ಗಳ ಮೇಲೇ ನಡೆದ ಅಧ್ಯಯನದಲ್ಲಿ ಜೀವನಪೂರ್ತಿ ಶೇ. 25 ಕಡಿಮೆ ತಿಂದವುಗಳಿಗೆ ಸೊಂಟದ ಸಂಧಿವಾತ ಕಡಿಮೆ, ಬಂದದ್ದೂ ತಡವಾಗಿ. ಆದರೆ ಸಣಕಲು ಇಟ್ಟು ಸಾಕಿದರೂ ಜೀನು ಬದಲಾಗುವುದಿಲ್ಲ.

ಕಾಫಿಕಣ
ಹೌದು. ಅದಕ್ಕೇ, ನಿಮ್ಮದಕ್ಕಿಂತ ಮುಂಚೆ ಆ ಮೊಲದ ಹಾಗೆ ಹಾರುವ ನಾಯಿಯ ಎಕ್ಸ್‌ರೇ ತೆಗೆಸಲು ಅದರ ಮನೆಯವರನ್ನು ಒಪ್ಪಿಸಿ. ಖರ್ಚು ನೀವೇ ಕೊಟ್ಟರೂ ನಷ್ಟವಿಲ್ಲ. ನಿಮ್ಮದರ ಮುಂದಿನ ಹೀಟ್ ಸುಮಾರು 26–27 ತಿಂಗಳಿಗೆ ಬರಬಹುದು, ಅಷ್ಟರಲ್ಲಿ ಎರಡರ ರಿಪೋರ್ಟೂ ಕೈಗೆ ಸಿಗುತ್ತದೆ.