ತುಕ್ಕು ಎತ್ತಿದ ಬಣ್ಣ: ಗುಳ್ಳೆಯೋ ಬೊಕ್ಕೆಯೋ?

ಮಾನ್ಯರೇ,

ಕಾರಿನ ಬಣ್ಣ ಕಾಪಾಡಿಕೊಳ್ಳುವ ಬಗೆಗಿನ ಕಿರುಕೈಪಿಡಿಯೊಂದರ ಕರಡು ತಿದ್ದುತ್ತಿದ್ದೇನೆ. ಉಪ್ಪುಗಾಳಿಯೂ ಜಡಿಮಳೆಯೂ ಇರುವ ಕರಾವಳಿಯವರಿಗಾಗಿ ಬರೆದದ್ದು. ಅದರಲ್ಲಿ ಉದ್ದಕ್ಕೂ ‘ಕಿಲುಬು’ ಎಂದಿತ್ತು. ‘ತುಕ್ಕು’ ಎಂದು ಬದಲಿಸಿದೆ. ಕಿಲುಬು ತಾಮ್ರ, ಹಿತ್ತಾಳೆಗಳದ್ದು, ಹುಣಸೆಹಣ್ಣು ಹಾಕಿ ತಿಕ್ಕಿದರೆ ಹೋಗುವಂಥದ್ದು. ಎರಡನ್ನೂ ಬೆರೆಸುವವರುಂಟು, ಆದರೆ ಕಬ್ಬಿಣದ ಮಟ್ಟಿಗೆ ನಾನು ಒಪ್ಪುವುದಿಲ್ಲ. ಉತ್ತರ ಕರ್ನಾಟಕದವರ ‘ಜಂಗು’ ಆದರೂ ಆದೀತು.

ತೊಡಕಿರುವುದು ಬೇರೆ ಕಡೆ. ಹಳೆಯ ಕಾರಿನ ಬಾಗಿಲಿನ ಕೆಳ ಅಂಚನ್ನು ಬಗ್ಗಿ ನೋಡಿ. ಬಣ್ಣ ಅಲ್ಲಲ್ಲಿ ಸಾಸಿವೆ ಕಾಳಿನಷ್ಟು ಎದ್ದಿರುತ್ತದೆ. ಉಗುರಿನಿಂದ ಒತ್ತಿದರೆ ಬಣ್ಣ ಒಡೆದು ಕೆಂಗಂದು ಪುಡಿ ಉದುರುತ್ತದೆ. ಬಾಗಿಲಿನ ಅಡಿಯಲ್ಲಿ ನೀರಿಳಿಯಲೆಂದು ಬಿಟ್ಟ ತೂತುಗಳಲ್ಲಿ ಕೆಸರು ಕಟ್ಟಿ, ನೀರು ಒಳಗೇ ನಿಂತು, ತಗಡಿನ ಮಡಿಕೆಯಲ್ಲಿ ಹುಟ್ಟಿದ ತುಕ್ಕು ಅದು. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಹಾಗಾಗಿ ಬಣ್ಣವನ್ನೇ ಮೇಲಕ್ಕೆತ್ತುತ್ತದೆ.

ಇದಕ್ಕೆ ಕರಡಿನಲ್ಲಿರುವ ಪದ ‘ಗುಳ್ಳೆ’. ಗುಳ್ಳೆ ಎಂದರೆ ಒಳಗೆ ಗಾಳಿಯೋ ನೀರೋ ಇರಬೇಕಲ್ಲವೇ? ಪ್ರೈಮರ್, ಅಂದರೆ ಬಣ್ಣದಡಿಯ ಮೊದಲ ಲೇಪ, ಒಣಗುವ ಮುನ್ನವೇ ಬಣ್ಣ ಹೊಡೆದಾಗ ಏಳುವುದು ನಿಜವಾದ ಗುಳ್ಳೆ. ಅದನ್ನು ವಾಟರ್ ಪೇಪರಿನಲ್ಲಿ (ನೀರು ಹಾಕಿ ಉಜ್ಜುವ ಮರಳುಕಾಗದ) ಉಜ್ಜಿ, ಒಣಗಲು ಬಿಟ್ಟು, ಮತ್ತೆ ಬಣ್ಣ ಹೊಡೆದರೆ ಮುಗಿಯಿತು. ತುಕ್ಕಿನದು ಹಾಗಲ್ಲ. ಹೊಳೆಯುವ ಲೋಹ ಕಾಣುವವರೆಗೆ ಕೆರೆದು, ಪ್ರೈಮರ್ ಹಾಕಿ, ಆಮೇಲೆ ಬಣ್ಣ. ಕೆರೆಯದೆ ಪುಟ್ಟಿ ಮೆತ್ತಿ ಮುಚ್ಚಿದರೆ ಅಡಿಯಲ್ಲಿ ಅದರ ಪಾಡಿಗೆ ಅದು ತಿನ್ನುತ್ತಲೇ ಇರುತ್ತದೆ. ಎರಡಕ್ಕೂ ಒಂದೇ ಪದ ಇಟ್ಟರೆ ಓದಿದವರು ತಪ್ಪು ಚಿಕಿತ್ಸೆಗೆ ಇಳಿಯುತ್ತಾರೆ.

ನನ್ನ ಒಲವು ‘ಬೊಕ್ಕೆ’ಯ ಕಡೆಗೆ. ಒಳಗಿನಿಂದ ಎದ್ದದ್ದು, ಒಳಗೇನೋ ಕೆಟ್ಟಿದೆ ಎಂಬೆರಡೂ ಅದರಲ್ಲಿವೆ. ಮೈಮೇಲಿನ ಬೊಕ್ಕೆಯನ್ನು ಕಾರಿಗೆ ಅಂಟಿಸುವುದು ಹೇಸಿಗೆ ಎಂಬುದು ಜೊತೆಗಾರರ ತಕರಾರು. ಹೇಸಿಗೆಯಾದರೆ ಒಳ್ಳೆಯದೇ, ಬೇಗ ಗಮನ ಕೊಟ್ಟಾರು! ‘ಹಕ್ಕಳೆ’ಯನ್ನೂ ಯೋಚಿಸಿದೆ, ಅದು ಬಣ್ಣ ಒಡೆದು ಪದರ ಏಳುವ ಹಂತಕ್ಕಷ್ಟೇ ಹೊಂದುತ್ತದೆ.

ಕ್ರಿಯಾಪದಗಳಲ್ಲಿ ಮಾತ್ರ ಕನ್ನಡಕ್ಕೆ ಕೊರತೆಯಿಲ್ಲ. ‘ತುಕ್ಕು ಹಿಡಿದಿದೆ’ ಎಂದರೆ ಇನ್ನೂ ಉಜ್ಜಿ ತೆಗೆಯಬಹುದು. ‘ತುಕ್ಕು ತಿಂದಿದೆ’ ಎಂದರೆ ತಗಡು ಕತ್ತರಿಸಿ ಹೊಸ ತುಂಡು ಬೆಸೆಯಬೇಕು. ಕೈಪಿಡಿಯಲ್ಲಿ ಈ ವ್ಯತ್ಯಾಸವನ್ನು ಬಿಡದೆ ಪಾಲಿಸುತ್ತಿದ್ದೇನೆ.

ನಿಮ್ಮ ಊರಿನ ಟಿಂಕರಿಂಗ್ ಕೆಲಸದವರು ಈ ಉಬ್ಬಿಗೆ ಏನೆನ್ನುತ್ತಾರೆ? ‘ಬಬಲ್ಸ್’ ಬಿಟ್ಟು ಬೇರೆ ಮಾತಿದ್ದರೆ ತಿಳಿಸಿ.

ಇನ್ನೊಂದು ಸಣ್ಣ ಪ್ರಶ್ನೆ. ಗ್ಯಾಲ್ವನೈಸ್ ಮಾಡಿದ ತಗಡನ್ನು ಕರಡು ‘ಕಲಾಯಿ ತಗಡು’ ಎನ್ನುತ್ತದೆ. ಕಲಾಯಿ ತವರದ್ದು, ಇದು ಸತುವಿನದು. ಗೀರು ಬಿದ್ದರೆ ಸತು ತಾನು ಮೊದಲು ಸವೆದು ಕಬ್ಬಿಣವನ್ನು ಉಳಿಸುತ್ತದೆ, ತವರಕ್ಕೆ ಆ ಗುಣವಿಲ್ಲ. ‘ಸತು ಲೇಪಿಸಿದ ತಗಡು’ ಎಂದರೆ ಸಾಕೇ, ಇನ್ನೂ ಚಿಕ್ಕದು ಯಾವುದಾದರೂ ಇದೆಯೇ?